ಮೇಷ್ಟ್ರ ಮನೆಯ ಮೂರು ಹಂತದ ಸ್ಟ್ಯಾಂಡ್: ಮಹಡಿ ಮೇಲೆ ಹಲವು ಅಕ್ವೇರಿಯಂ ಇಡಲು ರ‍್ಯಾಕ್ ಆರಿಸಿದ ಬಗೆ

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮಹಡಿ ಮನೆ. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳು. ಮೇಲೆ ನಿವೃತ್ತ ವಿಜ್ಞಾನ ಮೇಷ್ಟ್ರು ಮತ್ತು ಅವರ ಹೆಂಡತಿ, ನಮಗೆಲ್ಲ ಅಮ್ಮ. ಮೇಷ್ಟ್ರ ಹತ್ತಿರ ಆಗಲೇ ಮೂರಡಿಯ ಒಂದು ಗೋಲ್ಡ್‌ಫಿಶ್ ಟ್ಯಾಂಕ್, ಗಪ್ಪಿ ಮತ್ತು ಪ್ಲಾಟಿ ಮರಿ ಮಾಡಿಸಲು ಎರಡಡಿಯ ನಾಲ್ಕು ಟ್ಯಾಂಕ್, ಬೆಟ್ಟಾ ಮೀನಿಗೆಂದು ಆರು ಪುಟ್ಟ ಟ್ಯಾಂಕ್ ಇದ್ದವು. ಒಂದು ಊಟದ ಮೇಜಿನ ತುದಿಯಲ್ಲಿ, ಇನ್ನೊಂದು ಕಿಟಕಿಯ ಕಟ್ಟೆಯ ಮೇಲೆ, ಮತ್ತೊಂದು ಟಿವಿ ಸ್ಟ್ಯಾಂಡಿನ ಮೇಲೆ. ಮನೆಯಲ್ಲಿ ಅಮ್ಮನ ದೂರು ಮೀನಿನ ಮೇಲಲ್ಲ, ನೆಲ ಒರೆಸಲು ಜಾಗವಿಲ್ಲ ಎನ್ನುವುದರ ಮೇಲೆ.

ವಿಷಯ ನನ್ನವರೆಗೆ ಬಂದದ್ದು ಟಿವಿ ಸ್ಟ್ಯಾಂಡಿನ ಡ್ರಾಯರ್ ಕಾರಣದಿಂದ. ಅದು ಸ್ವಲ್ಪ ದಿನದಿಂದ ಬಿಗಿಯಾಗುತ್ತಾ ಬಂದು ಕೊನೆಗೆ ತೆಗೆಯಲಿಕ್ಕೇ ಬರದಂತಾಗಿತ್ತು. ಮರ ಉಬ್ಬಿರಬೇಕು ಎಂದು ಮೇಷ್ಟ್ರು ಮೇಣ ಸವರಿದ್ದರು. ನಾನು ಮೇಲ್ಹಲಗೆಯ ಮುಂದಿನ ಅಂಚಿಗೆ ಒಂದು ಸ್ಟೀಲ್ ಸ್ಕೇಲ್ ಆನಿಸಿ ನೋಡಿದೆ. ನಡುವೆ ಎರಡು ಕಾಸು ತೂರುವಷ್ಟು ಸಂದಿ. ಪಾರ್ಟಿಕಲ್ ಬೋರ್ಡ್ ಹಲಗೆ ಎರಡಡಿ ಟ್ಯಾಂಕಿನ ಭಾರಕ್ಕೆ ಬಾಗಿ ಡ್ರಾಯರ್ ಮೇಲೆ ಕೂತಿತ್ತು. ಹಿಂಬದಿಯಲ್ಲಿ ನೀರು ಚೆಲ್ಲಿದ ಕಡೆ ಅಂಚು ಬಿಸ್ಕೆಟ್ ನೆನೆದ ಹಾಗೆ ಉಬ್ಬಿತ್ತು. ಅವತ್ತೇ ಆ ಟ್ಯಾಂಕ್ ಖಾಲಿ ಮಾಡಿಸಿದೆವು.

ಮೇಷ್ಟ್ರ ಮನಸ್ಸಿನಲ್ಲಿ ಅಷ್ಟರಲ್ಲಾಗಲೇ ಒಂದು ನಕ್ಷೆ ತಯಾರಾಗಿತ್ತು. ಆರಡಿ ಉದ್ದದ, ನಾಲ್ಕು ಹಂತದ ಕಬ್ಬಿಣದ ರ‍್ಯಾಕ್. ಹಾಲ್‌ಗೂ ಊಟದ ಜಾಗಕ್ಕೂ ನಡುವೆ ಅಡ್ಡಗೋಡೆಯ ಹಾಗೆ ನಿಲ್ಲಬೇಕು, ಎರಡೂ ಕಡೆಯಿಂದ ಮೀನು ಕಾಣಬೇಕು. ಅಂಗಡಿಯಲ್ಲಿ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ನೋಡಿ ಬಂದಿದ್ದರು. ತೂತು ತೂತಿನ ಆ್ಯಂಗಲ್‌ಗೆ ತಗಡಿನ ಶೆಲ್ಫ್ ಬೋಲ್ಟ್ ಮಾಡಿ ನಿಲ್ಲಿಸುತ್ತಾರಲ್ಲ, ದಿನಸಿ ಗೋದಾಮಿನಲ್ಲಿ, ಕಚೇರಿಯ ಫೈಲ್ ಕೋಣೆಯಲ್ಲಿ ಕಾಣುವಂಥದ್ದು.

"ಒಂದು ಶೆಲ್ಫ್ 150 ಕೆಜಿ ತಡೆಯುತ್ತೆ ಅಂದ್ರು ಕಣಯ್ಯ. ನೀರು ತುಂಬಿದ ಟ್ಯಾಂಕ್ ಎಷ್ಟು ಭಾರ ಇರುತ್ತೆ ಮಹಾ?"

"ಲೆಕ್ಕ ಹಾಕೋಣ ಮೇಷ್ಟ್ರೇ. ಲೆಕ್ಕ ಕಲಿಸಿದೋರು ನೀವೇ."

ಭಾರದ ಪಟ್ಟಿ

ನೀರಿನ ಲೆಕ್ಕ ಸುಲಭ: ಒಂದು ಲೀಟರಿಗೆ ಒಂದು ಕೆಜಿ. ಗೋಲ್ಡ್‌ಫಿಶ್ ಟ್ಯಾಂಕ್ 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಗುಣಿಸಿದರೆ 9,720 ಘನ ಇಂಚು, ಅಂದರೆ ಕಂಠಮಟ್ಟ ತುಂಬಿದರೆ ಸುಮಾರು 159 ಲೀಟರ್. 8 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 20 ಕೆಜಿ ತೂಗುತ್ತದೆ. ಐದು ಹಲಗೆ ಸೇರಿ ಗಾಜೇ 30 ಕೆಜಿ. ತಳಕ್ಕೆ ಎರಡಿಂಚು ಜಲ್ಲಿ ಹಾಸಿದರೆ ಇನ್ನೊಂದು 25 ಕೆಜಿ. ಆ ಜಲ್ಲಿ ಹೊರದಬ್ಬುವ ನೀರನ್ನು ಕಳೆಯಬೇಕು. ಎಲ್ಲ ಸೇರಿ 200 ಕೆಜಿ ಎಂದು ಹಿಡಿದೆವು. ಎರಡಡಿಯ ಟ್ಯಾಂಕ್‌ಗಳು 24×12×12 ಇಂಚಿನವು. ನೀರು 57 ಲೀಟರ್, 5 ಮಿ.ಮೀ. ಗಾಜು 9 ಕೆಜಿ, ತೆಳ್ಳಗೆ ಜಲ್ಲಿ. ಒಂದಕ್ಕೆ 70 ಕೆಜಿ. ಬೆಟ್ಟಾ ಟ್ಯಾಂಕ್ ಒಂದಕ್ಕೆ 10 ಕೆಜಿ.

ಇನ್ನು ಮೇಷ್ಟ್ರ ನಕ್ಷೆಗೆ ಈ ಅಂಕಿ ತುಂಬೋಣ. ಆರಡಿಯ ಒಂದು ಹಂತದಲ್ಲಿ ಎರಡಡಿಯ ಮೂರು ಟ್ಯಾಂಕ್: 210 ಕೆಜಿ. ಅಂಗಡಿಯವರು ಹೇಳಿದ 150 ಅಲ್ಲಿಗೇ ಮುಗಿಯಿತು. ನಾಲ್ಕೂ ಹಂತ ತುಂಬಿ, ಕೆಳಗೆ ಮೂರಡಿಯದ್ದನ್ನೂ ಇಟ್ಟರೆ ರ‍್ಯಾಕ್ ಸೇರಿ ಒಟ್ಟು ಭಾರ ಸಾವಿರ ಕೆಜಿ ದಾಟುತ್ತಿತ್ತು. ಅದೂ ಮಹಡಿಯ ಮೇಲೆ, ಹಾಲ್‌ನ ನಟ್ಟನಡುವೆ. ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತರು.

ಕಬ್ಬಿಣ ಮುರಿಯುವುದಿಲ್ಲ, ಗಾಜು ಒಡೆಯುತ್ತದೆ

ರ‍್ಯಾಕ್ ಕೊಳ್ಳುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ಎಷ್ಟು ಕೆಜಿ ತಡೆಯುತ್ತೆ? ಪುಸ್ತಕಕ್ಕೆ, ಅಕ್ಕಿ ಮೂಟೆಗೆ ಅದು ಸಾಕು. ಹಲಗೆ ಅರ್ಧ ಇಂಚು ಬಾಗಿದರೂ ಮೂಟೆಗೆ ಏನೂ ಆಗುವುದಿಲ್ಲ, ಅದೂ ಜೊತೆಗೆ ಬಾಗುತ್ತದೆ. ಗಾಜು ಬಾಗುವುದಿಲ್ಲ. ಕೆಳಗಿನ ಹಲಗೆ ನಡುವೆ ತಗ್ಗಿದರೆ ಟ್ಯಾಂಕಿನ ತಳ ಎರಡು ತುದಿಯ ಮೇಲಷ್ಟೇ ನಿಲ್ಲುತ್ತದೆ, ನಡುವಿನ ನೀರಿನ ಭಾರ ಪೂರ್ತಿ ಆ ತಳದ ಗಾಜಿನ ಮೇಲೆ. ಇನ್ನೂ ಕೆಟ್ಟದ್ದು ತಿರುಚು. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಎರಡು ಮಿ.ಮೀ. ಕೆಳಗಿದ್ದರೆ ಟ್ಯಾಂಕ್ ಒಳಗೊಳಗೇ ಹಿಂಡಿಕೊಳ್ಳುತ್ತದೆ. ಸಿಲಿಕಾನ್ ಬೆಸುಗೆ ನಿಧಾನಕ್ಕೆ ಬಿಡುತ್ತದೆ ಅಥವಾ ಒಂದು ರಾತ್ರಿ ಗಾಜು ಸೀಳುತ್ತದೆ. ಟ್ಯಾಂಕ್ ಇಟ್ಟ ದಿನ ಏನೂ ಕಾಣಿಸದೆ ತಿಂಗಳುಗಳ ಮೇಲೆ ಸೋರಲು ಶುರುವಾಯಿತು ಎನ್ನುವವರ ಮನೆಯಲ್ಲಿ ನಾನು ಮೊದಲು ನೋಡುವುದು ಟ್ಯಾಂಕನ್ನಲ್ಲ, ಅದರ ಕೆಳಗಿನದನ್ನು.

ಆದ್ದರಿಂದ ಮೇಷ್ಟ್ರ ಜೊತೆ ನಾವು ಇಟ್ಟುಕೊಂಡ ಪ್ರಶ್ನೆ ಬೇರೆ. ಪೂರ್ತಿ ಭಾರ ಹೊತ್ತಾಗ ಇದು ಎಷ್ಟು ಬಾಗುತ್ತದೆ? ತಳ್ಳಿದರೆ ಎಷ್ಟು ಓಲಾಡುತ್ತದೆ? ನಾಲ್ಕು ಮೂಲೆ ಒಂದೇ ಮಟ್ಟದಲ್ಲಿ ಉಳಿಯುತ್ತವೆಯೇ?

ಈ ಪ್ರಶ್ನೆಗಳ ಮುಂದೆ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ನಿಲ್ಲಲಿಲ್ಲ. ಅದು ಕೆಟ್ಟ ವಸ್ತುವಲ್ಲ. ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ. ಶೆಲ್ಫಿನ ತಗಡು 20 ಗೇಜ್, ಅಂದರೆ ಒಂದು ಮಿ.ಮೀ.ಗೂ ಕಡಿಮೆ ದಪ್ಪ. ಅಂಚನ್ನು ಮಡಚಿರುವುದರಿಂದ ಅಂಚು ಗಟ್ಟಿ, ನಡುವೆ ಮೆತ್ತಗೆ. ಹೇಳುವ ಕೆಜಿ ಎಲ್ಲ ಇಡೀ ಶೆಲ್ಫಿಗೆ ಸಮನಾಗಿ ಹರಡಿದ ಭಾರಕ್ಕೆ. ಮೂಲೆಗಳು ನಿಂತಿರುವುದು ಬೋಲ್ಟಿನ ಬಿಗಿತದ ಮೇಲೆ. ಒಂದು ಸಡಿಲವಾದರೂ ಇಡೀ ರ‍್ಯಾಕ್ ಪಕ್ಕಕ್ಕೆ ವಾಲಲು ಶುರು. ಬೆಟ್ಟಾ ಟ್ಯಾಂಕ್, ಆಹಾರದ ಡಬ್ಬ, ಬಲೆ ಇಡಲು ಅದು ಚೆನ್ನಾಗಿಯೇ ಇರುತ್ತದೆ.

ಕಡಪ ಕಲ್ಲಿನ ಹಲಗೆ ಹಾಕಿಸೋಣ ಎಂದು ಅಮ್ಮ ಕೇಳಿದರು. ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಏನೂ ಆಗಿಲ್ಲವಲ್ಲ ಎಂಬುದು ಅವರ ವಾದ. ನ್ಯಾಯವಾದ ಮಾತು. ಆದರೆ ಕಡಪ ಪದರ ಪದರದ ಕಲ್ಲು. ಬಾಗುವ ಭಾರವನ್ನು ಅದು ಸೂಚನೆ ಕೊಡದೆ ಕೈಬಿಡುತ್ತದೆ. ಕಬ್ಬಿಣ ಬಾಗಿ ತೋರಿಸುತ್ತದೆ, ಕಲ್ಲು ಒಮ್ಮೆಗೇ ಬಿರಿಯುತ್ತದೆ. ನಾಲ್ಕಡಿ ಅಂತರಕ್ಕೆ ನಡುವೆ ಆಸರೆ ಇಲ್ಲದೆ ಕಲ್ಲಿನ ಹಲಗೆ ಮೇಲೆ ನೀರು ನಿಲ್ಲಿಸಲು ನನಗೆ ಧೈರ್ಯವಿಲ್ಲ. ಕಲ್ಲಿಗೆ ಈ ಮನೆಯಲ್ಲೇ ಬೇರೆ ಕಡೆ ಒಳ್ಳೆಯ ಜಾಗ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ಮರದ ವಿಚಾರ ಬೇಗ ಮುಗಿಯಿತು. ಒಳ್ಳೆಯ ಒಣ ಮರ ಸಿಕ್ಕರೆ, ಅಡ್ಡಪಟ್ಟಿ ಸ್ಕ್ರೂಗಳ ಮೇಲೆ ನೇತಾಡದೆ ಕಾಲಿನ ತಲೆಯ ಮೇಲೆ ಕೂರುವ ಹಾಗೆ ಕಟ್ಟಿದರೆ ಮರದ ಸ್ಟ್ಯಾಂಡ್ ಭರ್ಜರಿಯಾಗಿರುತ್ತದೆ. ಆದರೆ ಆ ದರ್ಜೆಯ ಮರಕ್ಕೂ ಬಡಗಿಯ ಕೂಲಿಗೂ ಮೇಷ್ಟ್ರು ಒಪ್ಪಲಿಲ್ಲ. ಉಳಿದದ್ದು ವೆಲ್ಡಿಂಗ್ ಮಾಡಿದ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಸ್ಕ್ವೇರ್ ಪೈಪ್.

ನೆಲ ಎಲ್ಲಿ ಗಟ್ಟಿ

ಭಾರ ಕೊನೆಗೆ ಹೋಗಿ ಮುಟ್ಟುವುದು ನೆಲಕ್ಕೆ. ಕೆಳಮನೆಯಾಗಿದ್ದರೆ ಈ ಅಧ್ಯಾಯ ನಾಲ್ಕು ಸಾಲಿನದ್ದು. ಮಹಡಿಯಲ್ಲಿ ನೆಲವೆಂದರೆ ಕೆಳಗಿನವರ ಛಾವಣಿ.

ಮನೆಯ ಕೋಣೆಗಳ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುತ್ತದೆ. ಈ ಅಂಕಿಯನ್ನು ಓದಿ ಕೆಲವರು ಹೆದರಿ ಹವ್ಯಾಸವನ್ನೇ ಬಿಡುತ್ತಾರೆ. ಯಾಕೆಂದರೆ ನಾವು ಕೊನೆಗೆ ಮಾಡಿಸಿದ ಚಿಕ್ಕ ರ‍್ಯಾಕೇ 480 ಕೆಜಿ. ಅದು ನಿಲ್ಲುವ ಜಾಗ 1.3 ಮೀಟರ್ ಉದ್ದ, 45 ಸೆಂ.ಮೀ. ಅಗಲ. ಭಾಗಿಸಿದರೆ ಚದರ ಮೀಟರಿಗೆ 820 ಕೆಜಿ! ಇನ್ನು ಕೆಲವರು ಪೂರ್ತಿ ಕೋಣೆಯ ವಿಸ್ತೀರ್ಣಕ್ಕೆ 200 ಗುಣಿಸಿ ನಾಲ್ಕು ಸಾವಿರ ಕೆಜಿ ತಡೆಯುತ್ತದೆ ಎಂದು ನಿಶ್ಚಿಂತರಾಗುತ್ತಾರೆ. ಎರಡೂ ತಪ್ಪು ಓದು. ಭಾರ ಎಷ್ಟಿದೆ ಎನ್ನುವಷ್ಟೇ ಮುಖ್ಯ, ಅದು ಆಸರೆಯಿಂದ ಎಷ್ಟು ದೂರ ಇದೆ ಎನ್ನುವುದು.

ಮೇಷ್ಟ್ರ ಹಾಲ್ 22 ಅಡಿ ಉದ್ದ, 10 ಅಡಿ ಅಗಲ. ಉದ್ದ ಅಗಲಕ್ಕಿಂತ ಎರಡು ಪಟ್ಟು ಮೀರಿದ್ದರಿಂದ ಛಾವಣಿಯ ಮುಖ್ಯ ಕಂಬಿಗಳು ಅಗಲದ ಕಡೆಗೆ, ಒಂದು ಉದ್ದಗೋಡೆಯಿಂದ ಇನ್ನೊಂದಕ್ಕೆ ಹಾಯುತ್ತವೆ. ಭಾರ ಹೋಗಿ ಕೂರುವುದು ಆ ಎರಡು ಉದ್ದ ಗೋಡೆಗಳ ಮೇಲೆ. ಸರಳ ತೊಲೆಯ ಲೆಕ್ಕ ಹಿಡಿದು ನೋಡಿದೆವು. ಇಡೀ ನೆಲಕ್ಕೆ ಚದರ ಮೀಟರಿಗೆ 200 ಕೆಜಿ ಹರಡಿದಾಗ ಒಂದು ಮೀಟರ್ ಪಟ್ಟಿಯಲ್ಲಿ ಹುಟ್ಟುವ ಬಾಗುಬಲ, ಅಂದರೆ ನೆಲವನ್ನು ಬಾಗಿಸಲು ನೋಡುವ ಬಲ, ಸುಮಾರು 225 ಕೆಜಿ-ಮೀಟರ್. ನಮ್ಮ ರ‍್ಯಾಕನ್ನು ಹಾಲ್‌ನ ನಡುವೆ ಗೋಡೆಗೆ ಸಮಾನಾಂತರವಾಗಿ ಇಟ್ಟರೆ ಸುಮಾರು 277. ಅದೇ ರ‍್ಯಾಕನ್ನು ಉದ್ದಗೋಡೆಗೆ ಒತ್ತಿ ಇಟ್ಟರೆ 100. ಒಂದೇ ರ‍್ಯಾಕ್, ಅದೇ ನೀರು. ನಾಲ್ಕಡಿ ಸರಿಸಿದ್ದಕ್ಕೆ ಸುಮಾರು ಮೂರು ಪಟ್ಟು ವ್ಯತ್ಯಾಸ. ನೆಲದ ಮೇಲಿನ ಉಳಿದ ಸಾಮಾನು, ಜನ, ಕಾಲುಗಳಡಿ ಒಟ್ಟುಗೂಡುವ ಭಾರ ಇವೆಲ್ಲ ಈ ಲೆಕ್ಕದಲ್ಲಿಲ್ಲ. ಹಾಗಾಗಿ ಇದರ ಮೇಲೇ ನಿಲ್ಲದೆ ಮನೆಯ ಹಳೆಯ ಪ್ಲಾನ್ ಹುಡುಕಿಸಿ, ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಕೆಳಮನೆಗೆ ಹೋಗಿ, ಆ ಉದ್ದಗೋಡೆಯ ನೇರ ಕೆಳಗೆ 9 ಇಂಚಿನ ಗೋಡೆ ಪಾಯದವರೆಗೂ ಇದೆಯೇ, ಛಾವಣಿಯಲ್ಲಿ ಬಿರುಕು, ತೇವದ ಕಲೆ ಇದೆಯೇ ಎಂದು ನೋಡಿದರು. ಗೋಡೆಗೆ ಒತ್ತಿ ಇಡಲು ಒಪ್ಪಿದರು. ನಡುವೆ ಇಡುವುದನ್ನು, ಮೇಷ್ಟ್ರ ಸಾವಿರ ಕೆಜಿಯ ಮೂಲ ನಕ್ಷೆಯನ್ನಂತೂ, ಖಡಾಖಂಡಿತವಾಗಿ ಬೇಡವೆಂದರು.

ಹಳೇ ಮೈಸೂರಿನಲ್ಲಿ ಮರದ ತೊಲೆಯ ಮೇಲೆ ಇಟ್ಟಿಗೆ ಗಾರೆ ಹಾಸಿದ ಮದ್ರಾಸ್ ಟೆರೇಸ್ ಮಹಡಿಗಳು ಇನ್ನೂ ಇವೆ. ಅಂಥ ಮಹಡಿಯಲ್ಲಿ ಈ ಯಾವ ಲೆಕ್ಕವೂ ನಡೆಯದು. ತೊಲೆಯ ಒಳಗು ಹೇಗಿದೆ ಎಂದು ಹೊರಗಿಂದ ಗೊತ್ತಾಗುವುದಿಲ್ಲ. ಅಲ್ಲಿ ದೊಡ್ಡ ಟ್ಯಾಂಕ್ ಕೆಳಗೇ ಇರಲಿ. ಬಾಡಿಗೆ ಮನೆಯವರು ಮಾಲೀಕರಿಗೆ ಹೇಳಿಯೇ ಇಡುವುದು ಒಳ್ಳೆಯದು.

ಆರಡಿ ನಾಲ್ಕಡಿಯಾದದ್ದು, ನಾಲ್ಕು ಹಂತ ಮೂರಾದದ್ದು

ಉದ್ದ ಇಳಿಸಿದ್ದಕ್ಕೆ ಕಾರಣ ಪೈಪಿನ ಬಾಗು. 40×40 ಮಿ.ಮೀ. ಪೈಪ್, 2 ಮಿ.ಮೀ. ದಪ್ಪದ್ದು, ನಮ್ಮಲ್ಲಿ ಎಲ್ಲ ವೆಲ್ಡಿಂಗ್ ಅಂಗಡಿಯಲ್ಲೂ ಸಿಗುವಂಥದ್ದು. ನಾಲ್ಕಡಿ ಅಂತರಕ್ಕೆ ಎರಡಡಿಯ ಎರಡು ಟ್ಯಾಂಕ್ ಇಟ್ಟರೆ ಮುಂದಿನ ಪೈಪಿಗೆ ಅರ್ಧ ಭಾರ, 70 ಕೆಜಿ. ಅದು ನಡುವೆ ಬಾಗುವುದು ಸುಮಾರು 1.1 ಮಿ.ಮೀ. ಅದೇ ಪೈಪ್ ಆರಡಿಗೆ ಎಳೆದು ಮೂರು ಟ್ಯಾಂಕ್ ಇಟ್ಟರೆ 5.6 ಮಿ.ಮೀ. ಉದ್ದ ಒಂದೂವರೆ ಪಟ್ಟು, ಬಾಗು ಐದು ಪಟ್ಟು. ಎರಡೂ ಕಡೆ ಪೈಪ್ ಮುರಿಯುವ ಪ್ರಶ್ನೆಯೇ ಇಲ್ಲ, ಅದರ ತಾಕತ್ತಿನ ಕಾಲು ಭಾಗವೂ ಖರ್ಚಾಗಿರುವುದಿಲ್ಲ. ಆದರೆ ಐದೂವರೆ ಮಿ.ಮೀ. ಬಾಗಿದ ಹಲಗೆಯ ಮೇಲೆ ನಡುವಿನ ಟ್ಯಾಂಕ್ ಹೇಗೆ ಕೂರಬೇಕು? ಆರಡಿಯೇ ಬೇಕೆಂದರೆ ದಾರಿ ಎರಡು: ನಡುವೆ ಇನ್ನೊಂದು ಜೊತೆ ಕಾಲು, ಅಥವಾ 80×40 ಪೈಪನ್ನು ನಿಲುವಾಗಿ ಹಾಕುವುದು. ಎತ್ತರ ಎರಡು ಪಟ್ಟಾದರೆ ಬಾಗು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೆಲದ ಮೇಲಿನ ಭಾರವನ್ನೂ ಇಳಿಸಬೇಕಿದ್ದರಿಂದ ನಾವು ನಾಲ್ಕಡಿಗೇ ನಿಂತೆವು.

ನಾಲ್ಕನೇ ಹಂತವನ್ನು ಬಿಡಿಸಿದ್ದು ಭಾರವಲ್ಲ, ಕೈ. ಟ್ಯಾಂಕಿನ ಮೇಲೆ ಮುಂದಿನ ಹಂತದವರೆಗೆ ಎಷ್ಟು ಜಾಗ ಬಿಡಬೇಕೆಂದು ಮೇಷ್ಟ್ರು ಆರು ಇಂಚು ಗುರುತು ಹಾಕಿದ್ದರು. ಮೂರಡಿ ಟ್ಯಾಂಕಿನ ಮೇಲೆ ಆರಿಂಚು ಎತ್ತರಕ್ಕೆ ಒಂದು ಹಲಗೆ ಅಡ್ಡ ಹಿಡಿದು, "ಈಗ ತಳದ ಜಲ್ಲಿ ಕೆದಕಿ ನೋಡಿ ಮೇಷ್ಟ್ರೇ" ಎಂದೆ. ಮೊಣಕೈ ಮಡಚಲಿಕ್ಕೇ ಆಗಲಿಲ್ಲ. ಬಲೆಯ ಹಿಡಿ ಹಲಗೆಗೆ ತಗುಲಿತು. ಕೈ ಆರಾಮಾಗಿ ಒಳಹೋಗಿ ಬರಲು ಅಲ್ಲಿ 26 ಸೆಂ.ಮೀ. ಬೇಕಾಯಿತು, ಎತ್ತರ ಕಡಿಮೆಯಿರುವ ಎರಡಡಿ ಟ್ಯಾಂಕಿಗೆ 23. ಕೂಡಿಸುತ್ತಾ ಹೋದೆವು. ಮೊದಲ ಹಂತ ನೆಲದಿಂದ 20 ಸೆಂ.ಮೀ., ಎರಡನೆಯದು 98, ಮೂರನೆಯದು 158. ಅಲ್ಲಿಗೆ ಮೇಷ್ಟ್ರ ಕಣ್ಣಿನ ಮಟ್ಟ. ನಾಲ್ಕನೆಯದು ಫ್ಯಾನಿನ ಕಡೆ ಹೊರಟಿತ್ತು.

ಹೀಗೆ ಜೋಡಣೆ ತಾನಾಗಿಯೇ ನಿಂತಿತು: ಎಲ್ಲಕ್ಕಿಂತ ಭಾರದ ಗೋಲ್ಡ್‌ಫಿಶ್ ಕೆಳಗೆ, ಗಪ್ಪಿಯ ಎರಡು ಟ್ಯಾಂಕ್ ನಡುವೆ, ಹಗುರವಾದ ಆರು ಬೆಟ್ಟಾ ಮೇಲೆ. ಭಾರ ಕೆಳಗಿದ್ದಷ್ಟೂ ರ‍್ಯಾಕ್ ವಾಲುವುದು ಕಡಿಮೆ. ಬೆಟ್ಟಾ ಒಂದೊಂದಾಗಿ ನೋಡುವ ಮೀನು, ಕಣ್ಣಿನ ಮಟ್ಟದಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಟ್ಯಾಂಕ್‌ಗಳು 400 ಕೆಜಿ, ರ‍್ಯಾಕ್ ಮತ್ತು ಪ್ಲೈವುಡ್ 80.

ವೆಲ್ಡಿಂಗ್ ಅಂಗಡಿಯಲ್ಲಿ

ಅಂಗಡಿಯ ಅಣ್ಣ ಒಳ್ಳೆಯ ಕೈಗೆಲಸದವರು, ಗೇಟು ಗ್ರಿಲ್ಲಿನಲ್ಲಿ ಪಳಗಿದವರು. ಅವರ ಮೊದಲ ಸಲಹೆ ಪೈಪಿನ ದಪ್ಪ ಇಳಿಸುವುದು. "1.2 ಹಾಕೋಣ ಸಾರ್, ದುಡ್ಡು ಉಳಿಯುತ್ತೆ. ಆನೆ ನಿಂತ್ರೂ ಏನೂ ಆಗಲ್ಲ." 1.2 ಮಿ.ಮೀ. ಪೈಪಿನ ಬಿಗುಪು 2 ಮಿ.ಮೀ. ಪೈಪಿನ ಮೂರನೇ ಎರಡಕ್ಕಿಂತ ಕಡಿಮೆ. ಅದಕ್ಕಿಂತ ನನಗೆ ಚಿಂತೆ ತುಕ್ಕಿನದು. ಅಕ್ವೇರಿಯಂ ಸ್ಟ್ಯಾಂಡಿನ ಮೇಲೆ ನೀರು ಚೆಲ್ಲಿಯೇ ಚೆಲ್ಲುತ್ತದೆ, ಅರ್ಧ ಮಿ.ಮೀ. ತುಕ್ಕು ತಿಂದರೆ 1.2ರಲ್ಲಿ ಉಳಿಯುವುದೇನು? ಎರಡಕ್ಕೇ ಗಟ್ಟಿಯಾಗಿ ನಿಂತೆವು. ಬಂದ ಮಾಲು ಎರಡೇ ಎಂದು ತಿಳಿಯಲು ತೂಗಿಸಬೇಕು: 20 ಅಡಿಯ ಪೂರ್ತಿ ಪೈಪ್ 14 ಕೆಜಿಯ ಆಸುಪಾಸು ಬರಬೇಕು. 1.2 ಆಗಿದ್ದರೆ 9 ಕೆಜಿಯೊಳಗೆ ನಿಲ್ಲುತ್ತದೆ. ಕಬ್ಬಿಣದ ಅಂಗಡಿಯಲ್ಲಿ ಹೇಗೂ ತಕ್ಕಡಿ ಇರುತ್ತದೆ.

ನಾವು ಬರೆದುಕೊಟ್ಟದ್ದು ಹೆಚ್ಚೇನಿಲ್ಲ. ನಾಲ್ಕು ಕಾಲು ಮೇಲಿಂದ ಕೆಳಗಿನವರೆಗೆ ಒಂದೇ ತುಂಡು. ಪ್ರತಿ ಹಂತಕ್ಕೂ ನಾಲ್ಕು ಕಡೆ ಚೌಕಟ್ಟು, ಟ್ಯಾಂಕಿನ ತುದಿ ಬೀಳುವ ಜಾಗಕ್ಕೆ ಸರಿಯಾಗಿ ಒಳಗೆ ಅಡ್ಡಪೈಪು. ಕೆಳಗಿನ ಹಂತದ ನಡುವೆ ಮುಂದೆ ಹಿಂದೆ ಎರಡು ಗಿಡ್ಡ ಕಾಲು, 20 ಸೆಂ.ಮೀ. ಪೈಪಿನ ಎರಡು ತುಂಡು, ಆದರೆ 200 ಕೆಜಿ ಟ್ಯಾಂಕಿನ ಕೆಳಗೆ ಬಾಗು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹಿಂಬದಿಗೆ ಮೂಲೆಯಿಂದ ಮೂಲೆಗೆ ಪಟ್ಟಿಯ ಕತ್ತರಿ. ಈ ಕತ್ತರಿ ಇಲ್ಲದ ರ‍್ಯಾಕ್ ನೋಡಲು ಎಷ್ಟೇ ದಪ್ಪಗಿರಲಿ, ಪಕ್ಕದಿಂದ ತಳ್ಳಿದರೆ ಓಲಾಡುತ್ತದೆ. ಮೇಲೆ ನೀರು ತುಳುಕತೊಡಗಿದರೆ ಆ ಓಲಾಟ ಇನ್ನೂ ಹೆಚ್ಚು. ಪ್ರತಿ ಕಾಲಿನ ಅಡಿಗೆ 100×100 ಮಿ.ಮೀ.ನ, 6 ಮಿ.ಮೀ. ದಪ್ಪದ ಪ್ಲೇಟು, ಯಾಕೆಂದರೆ ಬರಿಯ ಪೈಪಿನ ತುದಿ ಟೈಲ್ಸ್ ಮೇಲೆ ಉಳಿಯ ಹಾಗೆ ಕೂರುತ್ತದೆ. ಪೈಪಿನ ತೆರೆದ ಬಾಯಿಗಳೆಲ್ಲ ವೆಲ್ಡ್ ಮಾಡಿ ಮುಚ್ಚಬೇಕು. ಒಳಗೆ ಇಳಿದ ನೀರು ಒಣಗುವುದೇ ಇಲ್ಲ, ಕಾಣದ ಕಡೆಯಿಂದ ತಿನ್ನುತ್ತದೆ.

ಬೆಸುಗೆಯ ಬಿಸಿ ಚೌಕಟ್ಟನ್ನು ಎಳೆಯುತ್ತದೆ. ಗೇಟಿನಲ್ಲಿ ಆ ಎರಡು ಮಿ.ಮೀ. ಯಾರೂ ಕೇಳುವುದಿಲ್ಲ, ಇಲ್ಲಿ ಅದೇ ಎಲ್ಲ. ಎರಡನೇ ಹಂತದ ಚೌಕಟ್ಟು ಸಮತಟ್ಟಾದ ಕಲ್ಲಿನ ಮೇಲಿಟ್ಟಾಗ ಒಂದು ಮೂಲೆ ಮೇಲೆದ್ದು ಟಕಟಕ ಎನ್ನುತ್ತಿತ್ತು. ಅಡಿಯಲ್ಲಿ 3 ಮಿ.ಮೀ. ಸಂದಿ. ಒಂದು ಮೂಲೆಯ ಬೆಸುಗೆಯನ್ನು ಒಂದೇ ಬಾರಿಗೆ ಪೂರ್ತಿ ಹೊಡೆದು ಆಮೇಲೆ ಮುಂದಿನದಕ್ಕೆ ಹೋಗಿದ್ದರಿಂದ ಹಾಗಾಗಿತ್ತು. ಅಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಆ ಮೂಲೆಯನ್ನು ಗ್ರೈಂಡರ್‌ನಲ್ಲಿ ಕೊಯ್ದು, ನಾಲ್ಕೂ ಕಡೆ ಮೊದಲು ಚುಕ್ಕೆ ಬೆಸುಗೆ ಹಾಕಿ, ಎರಡು ಕರ್ಣ ಟೇಪಿನಲ್ಲಿ ಅಳೆದು ಸಮ ಬಂದ ಮೇಲೆ, ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ತುಂಬಿದರು. ಮತ್ತೆ ಕಲ್ಲಿನ ಮೇಲಿಟ್ಟರೆ ಸದ್ದಿಲ್ಲ. ಮಿಕ್ಕ ಚೌಕಟ್ಟುಗಳನ್ನು ಹಾಗೇ ಮಾಡಿದರು.

ಬಣ್ಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೈ, ಮೇಲೆ ಎನಾಮಲ್ ಎರಡು ಕೈ. ಬೆಸುಗೆಯ ಉಂಡೆಗಳನ್ನು ಉಜ್ಜಿ ತೆಗೆದ ಮೇಲೆಯೇ ಪ್ರೈಮರ್. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಾಗಿದ್ದರೆ ನಾನು ಎಪಾಕ್ಸಿ ಬಣ್ಣ ಹಾಕಿಸುತ್ತಿದ್ದೆ. ಹಲಗೆಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್, 18 ಮಿ.ಮೀ.; ಕೊಯ್ದ ಅಂಚುಗಳಿಗೂ ತಪ್ಪದೆ ಬಣ್ಣ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ.

ಟ್ಯಾಂಕಿಗೆ ಮುಂಚೆ ವಾಟರ್ ಕ್ಯಾನ್

ರ‍್ಯಾಕ್ ಮನೆಗೆ ಬಂದ ದಿನ ಮೇಷ್ಟ್ರಿಗೆ ಹಳೇ ಲ್ಯಾಬಿನ ಉತ್ಸಾಹ. ಮೊದಲು ನೆಲದ ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಾ ಹೋದೆವು. ಒಂದು ಕಡೆ ಟೊಳ್ಳು ಸದ್ದು ಬಂತು, ಕೆಳಗೆ ಗಾರೆ ತುಂಬಿರಲಿಲ್ಲ. ಕಾಲು ಅದರ ಮೇಲೆ ಬೀಳದ ಹಾಗೆ ರ‍್ಯಾಕನ್ನು ಒಂದು ಗೇಣು ಸರಿಸಿದೆವು. ರಸಮಟ್ಟ ಇಟ್ಟರೆ ಬಚ್ಚಲಿನ ಕಡೆಗೆ ನೆಲ ಇಳಿಜಾರು. ಆ ಕಡೆಯ ಕಾಲುಗಳ ಪ್ಲೇಟಿನ ಕೆಳಗೆ ತೆಳು ಕಬ್ಬಿಣದ ತುಂಡು ಕೊಟ್ಟು ಮಟ್ಟ ಮಾಡಿದೆವು. ಮಟ್ಟ ಸರಿಮಾಡಬೇಕಾದದ್ದು ಯಾವಾಗಲೂ ಕಾಲಿನ ಕೆಳಗೆ. ಟ್ಯಾಂಕಿಗೂ ಹಲಗೆಗೂ ನಡುವೆ ರಟ್ಟು ಮಡಚಿ ತುರುಕಿದರೆ ಇಡೀ ಭಾರ ಆ ರಟ್ಟಿನ ಮೇಲೆ ಕೂತು ತಳದ ಗಾಜು ಅಲ್ಲಿಂದಲೇ ಸೀಳುತ್ತದೆ.

ಆಮೇಲೆ ಪರೀಕ್ಷೆ. 20 ಲೀಟರಿನ ಹತ್ತು ವಾಟರ್ ಕ್ಯಾನ್ ತರಿಸಿದರು. ನಡುವಿನ ಹಂತದಲ್ಲಿ ಎರಡು ಕಾಲುಗಳ ನಡುವೆ ಹೊಲಿಗೆ ದಾರ ಬಿಗಿಯಾಗಿ ಎಳೆದು ಕಟ್ಟಿ, ದಾರಕ್ಕೂ ಪೈಪಿಗೂ ಇರುವ ಅಂತರ ಸ್ಕೇಲಿನಲ್ಲಿ ಓದಿ ಬರೆದುಕೊಂಡರು. ಏಳು ಕ್ಯಾನ್ ಇಟ್ಟೆವು: 140 ಕೆಜಿ, ಅಂದರೆ ನಿಜವಾದ ಭಾರವೇ. ದಾರದ ಅಂತರ ಒಂದು ಮಿ.ಮೀ.ಗೆ ಸ್ವಲ್ಪ ಕಡಿಮೆ ಬದಲಾಯಿತು. ಬೆಸುಗೆಯ ಮೂಲೆಗಳೂ ಸ್ವಲ್ಪ ಹಿಡಿದುಕೊಳ್ಳುವುದರಿಂದ ಲೆಕ್ಕಕ್ಕಿಂತ ಕಡಿಮೆ ಬಂದದ್ದು ಸಹಜ. ಹತ್ತೂ ಕ್ಯಾನ್ ಇಟ್ಟು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೆಗೆದಾಗ ದಾರ ಮೊದಲಿನ ಜಾಗಕ್ಕೇ ಬಂತು. ಟ್ಯಾಂಕ್ ಇಡುವ ಮೊದಲು ಹೀಗೆ ನೋಡುವವರು ಕಡಿಮೆ. ಖರ್ಚು ಕ್ಯಾನಿನ ಬಾಡಿಗೆಯಷ್ಟೇ, ನೀರನ್ನು ಮನೆಯವರೇ ಕುಡಿದರು.

ರ‍್ಯಾಕಿನ ಮೇಲ್ತುದಿಯನ್ನು ಎರಡು ಆ್ಯಂಕರ್ ಬೋಲ್ಟಿನಿಂದ ಗೋಡೆಗೆ ಕಟ್ಟಿದೆವು; ಇಟ್ಟಿಗೆಯ ಮೈಗೆ, ಗಾರೆಯ ಸಂದಿಗಲ್ಲ. ಭಾರ ಹೊರಲು ಅಲ್ಲ ಅದು. ಕೆಳಮನೆಯ ಮೊಮ್ಮಕ್ಕಳು ಮೇಲಿನ ಬೆಟ್ಟಾ ನೋಡಲು ಚೌಕಟ್ಟಿನ ಮೇಲೆ ಕಾಲಿಟ್ಟು ಹತ್ತದೇ ಇರುವುದಿಲ್ಲ ಎನ್ನುವ ಕಾರಣಕ್ಕೆ.

ಟ್ಯಾಂಕಿನ ಕೆಳಗೆ 12 ಮಿ.ಮೀ. ಥರ್ಮೋಕೋಲ್. ನಮ್ಮಲ್ಲಿ ಅಂಗಡಿಯವರು ಅಂಟಿಸಿಕೊಡುವ ಟ್ಯಾಂಕಿನ ತಳ ಚಪ್ಪಟೆಯಾಗಿ ಹಲಗೆಗೆ ಕೂರುತ್ತದೆ, ಅದಕ್ಕೆ ಥರ್ಮೋಕೋಲ್ ಬೇಕೇ ಬೇಕು. ಸಣ್ಣ ಮರಳಿನ ಕಾಳನ್ನೂ ಅದು ನುಂಗಿಕೊಳ್ಳುತ್ತದೆ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ತಳದ ಗಾಜು ಎತ್ತರದಲ್ಲಿ ನಿಲ್ಲುವ ಟ್ಯಾಂಕಿಗೆ ಹಾಕಬಾರದು. ನೀರನ್ನು ಒಂದೇ ದಿನ ತುಂಬಲಿಲ್ಲ. ಮೂರನೇ ಒಂದು, ಆಮೇಲೆ ಅರ್ಧ, ಮರುದಿನ ಪೂರ್ತಿ. ಪ್ರತಿ ಬಾರಿಯೂ ನೀರಿನ ಗೆರೆ ಟ್ಯಾಂಕಿನ ಅಂಚಿನಿಂದ ನಾಲ್ಕೂ ಮೂಲೆಯಲ್ಲಿ ಒಂದೇ ದೂರ ಇದೆಯೇ ಎಂದು ಅಳೆದು ನೋಡಿ. ನೀರಿಗಿಂತ ನಿಖರವಾದ ರಸಮಟ್ಟ ಇಲ್ಲ. ಕರೆಂಟ್ ಬೋರ್ಡನ್ನು ರ‍್ಯಾಕಿನ ಪಕ್ಕದ ಗೋಡೆಗೆ ಎತ್ತರದಲ್ಲಿ ಹಾಕಿಸಿ, 30 ಮಿಲಿ ಆ್ಯಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್, ಕೊಡಿಸಿದ್ದಾಯಿತು. ವೈರುಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವ ಹಾಗೆ ಬಿಟ್ಟಿದ್ದೇವೆ, ಜಾರುವ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಕಬ್ಬಿಣ, ನೀರು, ಕರೆಂಟ್ ಮೂರೂ ಒಂದೇ ಕಡೆ ಇರುವಾಗ ಇದರಲ್ಲಿ ಚೌಕಾಸಿ ಬೇಡ.

ಕೆಳಮನೆಯ ಮೆಟ್ಟಿಲಡಿ

ಉಳಿದ ಎರಡಡಿಯ ಎರಡು ಟ್ಯಾಂಕಿಗೆ ಕೆಳಗೆ ಮೆಟ್ಟಿಲಡಿ ಜಾಗ ಸಿಕ್ಕಿತು. ಅಲ್ಲಿ ನೆಲದ ಕೆಳಗೆ ಮಣ್ಣು, ಮಹಡಿಯ ಚಿಂತೆಯಿಲ್ಲ. ಅಮ್ಮನ ಕಲ್ಲಿನ ಆಸೆ ಅಲ್ಲಿ ತೀರಿತು: 6 ಇಂಚಿನ ಸಾಲಿಡ್ ಬ್ಲಾಕ್ ಗಾರೆ ಹಾಕಿ ಮೂರು ಕಟ್ಟೆಯಾಗಿ ಏರಿಸಿ, ಮೇಲೆ ಗ್ರಾನೈಟ್ ಹಲಗೆ. ಕಟ್ಟೆಗಳು ಟ್ಯಾಂಕಿನ ತುದಿಗಳ ನೇರ ಕೆಳಗೆ ಬರುವುದರಿಂದ ಕಲ್ಲಿಗೆ ಬಾಗುವ ಕೆಲಸ ತೀರಾ ಕಡಿಮೆ, ಭಾರವನ್ನು ಕಟ್ಟೆಗಳಿಗೆ ದಾಟಿಸುತ್ತದೆ. ತುಕ್ಕಿಲ್ಲ, ಬಣ್ಣವಿಲ್ಲ, ಕಬ್ಬಿಣಕ್ಕಿಂತ ಅಗ್ಗ. ಕೆಳಮನೆಯಲ್ಲಿರುವವರು, ಸ್ವಂತ ಮನೆಯವರು, ಟ್ಯಾಂಕನ್ನು ಪದೇ ಪದೇ ಜಾಗ ಬದಲಿಸದವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಆಮೇಲಿನದ್ದು

ಮೊದಲ ಮಳೆಗಾಲ ಕಳೆದ ಮೇಲೆ ರ‍್ಯಾಕನ್ನು ಮತ್ತೆ ಪರೀಕ್ಷಿಸಿದೆವು. ನೀರಿನ ಗೆರೆಗಳು ಇದ್ದ ಹಾಗೇ ಇದ್ದವು. ಕೆಳಮನೆಯ ಛಾವಣಿಯಲ್ಲಿ ಬಿರುಕು ಮೂಡಿಲ್ಲ; ಎಂಜಿನಿಯರ್ ಹೇಳಿದ್ದರೆಂದು ಮಗ ಅಲ್ಲಿ ಆಗಾಗ ಟಾರ್ಚ್ ಹಾಕಿ ನೋಡುತ್ತಾರೆ. ತುಕ್ಕು ಕಂಡದ್ದು ಎರಡೇ ಕಡೆ: ನೀರು ಬದಲಿಸುವ ಪೈಪ್ ಉಜ್ಜುತ್ತಿದ್ದ ಮುಂದಿನ ಅಂಚು, ಮತ್ತು ನೆಲ ಒರೆಸುವ ಬಟ್ಟೆಯ ತೇವ ನಿಲ್ಲುತ್ತಿದ್ದ ಒಂದು ಕಾಲಿನ ಪ್ಲೇಟು. ಉಜ್ಜಿ, ಪ್ರೈಮರ್ ಹಚ್ಚಿ, ಬಣ್ಣ ಕೊಟ್ಟೆವು. ಮುಂದಿನ ಅಂಚಿಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಹೊದಿಸಿದ್ದು ಮೇಷ್ಟ್ರ ಉಪಾಯ.

ಈಚೆಗೆ ಮೇಷ್ಟ್ರು ಏಂಜೆಲ್ ಫಿಶ್ ಸಾಕುವ ಮಾತೆತ್ತಿದ್ದಾರೆ. ಅದಕ್ಕೆ ಎತ್ತರದ ಟ್ಯಾಂಕ್ ಬೇಕು. ನಡುವಿನ ಹಂತದ 12 ಇಂಚಿನ ಬದಲು 18 ಇಂಚಿನದು ಇಡಬಹುದೇ ಎಂದು ಕೇಳಿದರು. ಪೈಪು ತಡೆಯುತ್ತದೆ, ನೆಲವೂ ತಡೆದೀತು. ಆದರೆ 23 ಸೆಂ.ಮೀ. ಸಂದಿಯಲ್ಲಿ 15 ಸೆಂ.ಮೀ. ಟ್ಯಾಂಕೇ ತಿಂದರೆ ಕೈಗೆ ಉಳಿಯುವುದು ಎಂಟು. ಬೆಟ್ಟಾ ಹಂತವನ್ನು ಬಿಚ್ಚಿ ಮೇಲೇರಿಸಲೂ ಬರುವುದಿಲ್ಲ, ಎಲ್ಲ ಬೆಸುಗೆ. ಸದ್ಯಕ್ಕೆ ಮೆಟ್ಟಿಲಡಿಯ ಗ್ರಾನೈಟ್ ಮೇಲಿರುವ ಗಪ್ಪಿ ಟ್ಯಾಂಕ್ ಒಂದನ್ನು ತೆಗೆದು ಅಲ್ಲಿ ಏಂಜೆಲ್ ಟ್ಯಾಂಕ್ ಇಡುವುದೆಂದು ಮಾತಾಗಿದೆ. ಅಲ್ಲಿ ಟ್ಯಾಂಕಿನ ಮೇಲೆ ಇನ್ನೊಂದು ಹಂತ ಇಲ್ಲದಿರುವುದರಿಂದ 18 ಇಂಚಿನದು ಇಟ್ಟರೂ ಕೈಗೆ ಅಡ್ಡಿಯಿಲ್ಲ. ಅಳತೆ ತೆಗೆದುಕೊಂಡು ಬಂದಿದ್ದೇನೆ.